ಚಂದದ ಕನಸಿಗೂ ಕಟ್‌ಆಫ್ ಬೇಕೇ?

ನನ್ನ ಮೊಬೈಲಿನಲ್ಲಿ ‘ಕರೆಂಟ್ ಅಫೇರ್ಸ್-2’ ಎಂಬ ಫೋಲ್ಡರ್ ಇದೆ. ಅದರೊಳಗೆ ಪ್ರಚಲಿತ ವಿದ್ಯಮಾನ ಒಂದೂ ಇಲ್ಲ. ಇರುವುದು ಆರುನೂರು ಚಿಲ್ಲರೆ ಚಿತ್ರಗಳು. ಕೆಂಪು ಗಾರೆಯ ನೆಲ, ಬಿಸಿಲು ಬಿದ್ದ ಕಿಟಕಿ ಕಟ್ಟೆ, ನೀಲಿ ಬಣ್ಣ ಬಳಿದ ಹಳೆಯ ಬೀರು, ತೂಗುಮಂಚ, ಹಿತ್ತಾಳೆಯ ದೀಪ, ಪುಸ್ತಕದ ಕಪಾಟಿನಲ್ಲಿ ಮಲಗಿದ ಬೆಕ್ಕು, ತಟ್ಟೆಯಷ್ಟು ದೊಡ್ಡ ದುಂಡು ಕನ್ನಡಕ ಹಾಕಿ ಮೊಣಕೈವರೆಗೂ ಬಳೆ ತೊಟ್ಟ ಒಬ್ಬ ವಿದೇಶಿ ಅಜ್ಜಿ. ಯಾರಾದರೂ ಇಣುಕಿದರೆ ಮರ್ಯಾದೆ ಉಳಿಯಲಿ ಎಂದು ಆ ಹೆಸರು ಇಟ್ಟಿದ್ದೇನೆ. ಎಫ್‌ಡಿಎ, ಪಿಡಿಒ ಎಂದು ಓದುತ್ತಿರುವ, ವಯಸ್ಸು 26 ದಾಟಿದ, ತಿಂಗಳ ಖರ್ಚಿಗೆ ಇನ್ನೂ ಅಪ್ಪನ ಫೋನ್‌ಪೇ ನಂಬಿಕೊಂಡಿರುವ ಹುಡುಗಿ ರಾತ್ರಿ ಹನ್ನೊಂದಕ್ಕೆ ಕಿಟಕಿ ಪರದೆಯ ಬಣ್ಣ ಯಾವುದಿದ್ದರೆ ಚಂದ ಎಂದು ಯೋಚಿಸುತ್ತಾಳೆ ಎಂದರೆ ಜನ ನಗುತ್ತಾರಲ್ಲ!

ನಾನಿರುವುದು ಧಾರವಾಡದ ಸಪ್ತಾಪುರದಲ್ಲಿ. ಇಲ್ಲಿ ಓದಿಕೊಂಡು ಹೋದವರಿಗೆ ಈ ಏರಿಯಾದ ಚಿತ್ರ ಗೊತ್ತೇ ಇರುತ್ತದೆ. ಎಲ್ಲಿ ನೋಡಿದರೂ ಕೋಚಿಂಗ್ ಸೆಂಟರ್, ಜೆರಾಕ್ಸ್ ಅಂಗಡಿ, ಮೆಸ್, ದಿನವಿಡೀ ಕೂತು ಓದುವ ಲೈಬ್ರರಿಗಳು. ನಮ್ಮ ರೂಮಿನಲ್ಲಿ ಮೂರು ಕಾಟ್, ಒಂದು ಫ್ಯಾನ್, ಒಂದು ಟ್ಯೂಬ್‌ಲೈಟ್. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ನೆಲದ ಮೇಲೆ ಬಕೆಟ್, ಬಕೆಟ್ಟಿನ ಮೇಲೆ ಬ್ಯಾಗ್, ಬ್ಯಾಗಿನ ಮೇಲೆ ಜಿಕೆ ಪುಸ್ತಕ. ಇಂಥ ರೂಮಿನಲ್ಲಿ ಮಲಗಿ ತೂಗುಮಂಚದ ಕನಸು ಕಾಣುವುದು ನಾನೊಬ್ಬಳೇ ಎಂದುಕೊಂಡಿದ್ದೆ. ಒಂದು ರಾತ್ರಿ ಕರೆಂಟ್ ಹೋದಾಗ ಮಾತಿಗೆ ಮಾತು ಬೆಳೆದು ಗೊತ್ತಾಯಿತು, ನನ್ನ ಪಕ್ಕದ ಕಾಟಿನವಳು ತನ್ನ ಮುಂದಿನ ಮನೆಯ ಅಡುಗೆಮನೆಗೆ ಹಸಿರು ಟೈಲ್ಸ್ ಎಂದು ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ದಾಳೆ! ಇನ್ನೊಬ್ಬಳಿಗೆ ಬೇಕಾಗಿರುವುದು ಒಂದೇ ಒಂದು ಟೇಬಲ್. ತೇಗದ್ದು, ಡ್ರಾಯರ್‌ಗೆ ಬೀಗ ಇರುವಂಥದ್ದು. ಅವಳ ಮನೆಯಲ್ಲಿ ಐವರು ಮಕ್ಕಳು. ಬೀಗ ಹಾಕಿ ಇಡುವಂಥ ಸ್ವಂತದ್ದು ಅನ್ನುವುದು ಅವಳಿಗೆ ಈವರೆಗೆ ಇದ್ದದ್ದೇ ಇಲ್ಲ.

ಇಂಥ ಕನಸನ್ನು ಹಗಲುಗನಸು ಎಂದು ಕರೆದು ನಾಚಿಕೆ ಪಡುವುದನ್ನು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ‘ಮೊದ್ಲ ನೌಕರಿ ಹಿಡಿ, ಆಮ್ಯಾಲ ಏನ್ ಬೇಕಾದ್ದು ತಗೋ’ ಎನ್ನುವುದು ಅಪ್ಪನ ಮಾತು. ಅಪ್ಪ ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿನ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಅವರ ಮಾತಿನಲ್ಲಿ ತಪ್ಪಿಲ್ಲ, ಆತಂಕವಿದೆ. ಆದರೆ ನನಗೆ ಆ ಕ್ರಮವೇ ತಲೆಕೆಳಗು ಅನ್ನಿಸುತ್ತದೆ. ಚಂದದ ಮನೆಯ, ವಸ್ತುವಿನ, ಉಡುಪಿನ ಕನಸನ್ನು ಸಂಬಳ ಬರುವ ಮೊದಲೇ ಕಾಣಬೇಕು. ಸಂಬಳ ಬಂದ ಮೇಲೆ ಅದಕ್ಕೆ ಪುರುಸೊತ್ತೂ ಇರುವುದಿಲ್ಲ, ಕಣ್ಣೂ ಪಳಗಿರುವುದಿಲ್ಲ.

ನಮ್ಮ ದೊಡ್ಡಪ್ಪನ ಮಗನನ್ನೇ ನೋಡಿ. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ, ಮೂವತ್ತೆರಡಕ್ಕೆ ಫ್ಲ್ಯಾಟ್. ಗೃಹಪ್ರವೇಶಕ್ಕೆ ಹೋಗಿದ್ದೆವು. ಬೂದು ಸೋಫಾ, ಬಿಳಿ ಗೋಡೆ, ಬೂದು ಬಣ್ಣದ್ದೇ ಅಡುಗೆಮನೆ, ಟಿವಿ ಹಿಂದೆ ಮರದಂತೆ ಕಾಣುವ ಆದರೆ ಮರವಲ್ಲದ ಹಲಗೆ, ಸೀಲಿಂಗಿನ ಅಂಚಿನಲ್ಲಿ ನೀಲಿ ಲೈಟು. ಎಲ್ಲವೂ ಹೊಸದು, ಎಲ್ಲವೂ ದುಬಾರಿ. ಮೇಲಿನ ಮಹಡಿಯ ಮನೆಗೂ ಹೋಗಿ ನೋಡಿದೆವು, ಅಲ್ಲೂ ಅದೇ ಸೋಫಾ, ಅದೇ ಲೈಟು. ‘ಅಣ್ಣಾ, ಇದೆಲ್ಲಾ ನೀನ ಆರಿಸಿದ್ದೇನು?’ ಎಂದು ಕೇಳಿದೆ. ‘ಎಲ್ಲೀದವಾ, ಎರಡು ಸಂಜಿ ಒಳಗ ಮುಗಿಸಿದ್ವಿ. ಅವ್ರು ಪ್ಯಾಕೇಜ್ ತೋರಿಸಿದ್ರು, ನಾ ಹೂಂ ಅಂದೆ. ನನಗ ಏನ್ ಬೇಕು ಅಂತ ನನಗರ ಎಲ್ಲಿ ಗೊತ್ತಿತ್ತು?’ ಎಂದ. ಹದಿನೈದು ವರ್ಷ ಸಾಲ ತೀರಿಸಬೇಕಾದ ಮನೆ ಅದು. ಎಸ್ಸೆಸ್ಸೆಲ್ಸಿಯಿಂದ ಕ್ಯಾಂಪಸ್ ಇಂಟರ್‌ವ್ಯೂವರೆಗೆ ಅವನು ಕಿಟಕಿಯಿಂದ ಹೊರಗೆ ನೋಡಿದ್ದನ್ನೂ ನಾನು ಕಂಡಿಲ್ಲ. ಮನೆಯವರು ಅದನ್ನೇ ನಮಗೆಲ್ಲ ಮಾದರಿಯಾಗಿ ತೋರಿಸುತ್ತಿದ್ದರು.

ಹಾಗಂತ ಬಡವರ ಮನೆಯಲ್ಲಿ ಚಂದದ ಹಂಬಲ ಇರಲಿಲ್ಲ ಎನ್ನಬೇಡಿ. ‘ಚಂದ ನೋಡ್ಕೋಂತ ಕುಂತ್ರ ಹೊಟ್ಟಿ ತುಂಬತೈತೇನು?’ ಎಂದು ನನ್ನನ್ನು ಬೈಯುವ ನಮ್ಮವ್ವನ ಅಡುಗೆಮನೆಗೆ ಒಮ್ಮೆ ಬನ್ನಿ. ತಗಡಿನ ಮನೆ, ಎರಡೇ ಖೋಲಿ. ಆದರೆ ಒಲೆಯ ಎದುರಿನ ಗೋಡೆಗೆ ಉದ್ದಕ್ಕೂ ಎರಡು ಸಾಲು ಹಲಗೆ. ಅದರ ಮೇಲೆ ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಹಾಗೆ ಹಿತ್ತಾಳೆ ಕೊಡ, ತಂಬಿಗೆ, ಬೋಗುಣಿ. ಅವುಗಳಲ್ಲಿ ಮುಕ್ಕಾಲು ಪಾಲನ್ನು ಅವ್ವ ಯಾವತ್ತೂ ಬಳಸುವುದಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿ, ಒರೆಸಿ, ಮತ್ತೆ ಅದೇ ಜಾಗದಲ್ಲಿ ಇಡುತ್ತಾಳೆ. ಒಂದು ತಂಬಿಗೆಯನ್ನು ನಾನು ಆಚೀಚೆ ಇಟ್ಟರೂ ಅವಳಿಗೆ ಗೊತ್ತಾಗುತ್ತದೆ. ಟಿವಿಯ ಮೇಲೆ ಕ್ರೋಶಾ ಹೆಣೆದ ಬಟ್ಟೆ, ಬಾಗಿಲಿಗೆ ಮಣಿಯ ತೋರಣ. ಇದನ್ನು ಇಂಟೀರಿಯರ್ ಎಂದು ಕರೆದರೆ ಅವ್ವ ನಕ್ಕಾಳು. ಆದರೆ ಆ ಗೋಡೆಯ ಮುಂದೆ ಕೈಕಟ್ಟಿ ನಿಂತು ಅವಳು ಒಂದು ಗಳಿಗೆ ನೋಡುವುದನ್ನು ನಾನು ನೋಡಿದ್ದೇನೆ. ಮೊಬೈಲಿನ ಫೋಲ್ಡರ್ ತೆರೆದಾಗ ನನ್ನ ಮುಖವೂ ಹಾಗೆಯೇ ಆಗುತ್ತದೋ ಏನೋ.

ಕನಸು ಕಾಣುವವರಿಗೆ ವಿರುದ್ಧವಾದ ಒಂದು ಗಟ್ಟಿ ವಾದ ಇದೆ. ಅದನ್ನು ಮುಚ್ಚಿಟ್ಟು ಮುಂದೆ ಹೋಗುವುದು ಸರಿಯಲ್ಲ. ಗೇಬ್ರಿಯಲ್ ಓಟಿಂಗೆನ್ ಎಂಬ ಮನಶ್ಶಾಸ್ತ್ರಜ್ಞೆ ಹಗಲುಗನಸಿನ ಮೇಲೆಯೇ ದಶಕಗಳ ಕಾಲ ಕೆಲಸ ಮಾಡಿದವರು. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅವರು ಮತ್ತು ಅವರ ಸಹೋದ್ಯೋಗಿ, ಓದು ಮುಗಿಸಿ ಕೆಲಸ ಹುಡುಕಲು ಹೊರಟ ಜರ್ಮನಿಯ ವಿದ್ಯಾರ್ಥಿಗಳನ್ನು ಎರಡು ವರ್ಷದ ನಂತರ ಮತ್ತೆ ಮಾತಾಡಿಸಿದರು. ಒಳ್ಳೆಯ ನೌಕರಿ ಸಿಕ್ಕಂತೆ ಆಗಾಗ ಸವಿಸವಿಯಾಗಿ ಕಲ್ಪಿಸಿಕೊಳ್ಳುತ್ತಿದ್ದವರು ಹಾಕಿದ ಅರ್ಜಿಗಳೂ ಕಡಿಮೆ, ಅವರಿಗೆ ಸಿಕ್ಕ ಆಫರ್‌ಗಳೂ ಕಡಿಮೆ, ಸಂಬಳವೂ ಕಡಿಮೆ. ಮನಸ್ಸು ಗೆಲುವನ್ನು ಆಗಲೇ ಉಂಡು ತೇಗಿದಂತೆ ಆಗಿ, ಮೈಯಲ್ಲಿ ಓಡುವ ಹುರುಪು ಉಳಿಯುವುದಿಲ್ಲ ಎಂಬುದು ಅವರ ವಿವರಣೆ. ಕೆಲಸ ಹುಡುಕುತ್ತಿರುವ ನಮ್ಮಂಥವರು ಇದನ್ನು ಎರಡು ಸಲ ಓದಬೇಕು.

ನಾನು ಓದಿದೆ. ಓದಿ ನನ್ನ ರೂಮಿನವರನ್ನೂ ನನ್ನನ್ನೂ ಗಮನಿಸಿದೆ. ರಿಸಲ್ಟ್ ಬಂದಂತೆ, ಊರಲ್ಲಿ ಬ್ಯಾನರ್ ಕಟ್ಟಿದಂತೆ, ಹಾರ ಹಾಕಿದಂತೆ ಕನಸು ಕಾಣುವುದು ಒಂದು ಬಗೆ. ಅದರಲ್ಲಿ ನೋಡಲು ಏನೂ ಇಲ್ಲ, ನಾವೇ ಹೀರೊ. ಮರುದಿನ ಎದ್ದರೆ ತಲೆಭಾರ. ಒಂದು ಕುರ್ಚಿಯ ಕನಸು ಬೇರೆ. ಬೆನ್ನು ಎಷ್ಟು ವಾಲಿರಬೇಕು, ಬೆತ್ತದ್ದೋ ಮರದ್ದೋ, ಕಿಟಕಿಯ ಎಡಕ್ಕೆ ಇಟ್ಟರೆ ಓದಲು ಬೆಳಕು ಬೀಳುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುತ್ತ ಹೋದಂತೆ ಕಣ್ಣು ಚುರುಕಾಗುತ್ತದೆ. ಓಟಿಂಗೆನ್ ಅವರೇ ಹೇಳುವ ಉಪಾಯ, ಬಯಕೆಯ ಪಕ್ಕದಲ್ಲೇ ಅಡ್ಡಿಯನ್ನೂ ಇಟ್ಟು ನೋಡುವುದು. ಕುರ್ಚಿ ಬೇಕು ಎಂದರೆ ರೂಮ್ ಬೇಕು, ರೂಮಿಗೆ ಬಾಡಿಗೆ ಬೇಕು, ಬಾಡಿಗೆಗೆ ಪೇಪರ್-2ರಲ್ಲಿ ಇನ್ನಷ್ಟು ಅಂಕ ಬೇಕು. ನನ್ನ ಮಟ್ಟಿಗೆ ಈ ಸರಪಳಿ ಯಾವ ಮೋಟಿವೇಶನ್ ಭಾಷಣಕ್ಕಿಂತ ಚೆನ್ನಾಗಿ ಬೆಳಿಗ್ಗೆ ಐದಕ್ಕೆ ಎಬ್ಬಿಸುತ್ತದೆ.

ಹೀಗೆ ಕಣ್ಣು ಚುರುಕಾದ ಕನಸುಗಾರ ಎಲ್ಲಿಯವರೆಗೆ ಹೋಗಬಲ್ಲ ಎಂಬುದನ್ನು ನಾನು ನೋಡಿದ್ದು ಮಣಿಪಾಲದಲ್ಲಿ. ಒಂದು ಪರೀಕ್ಷೆಗೆ ಸೆಂಟರ್ ಉಡುಪಿಗೆ ಬಿದ್ದಿತ್ತು. ಅಷ್ಟು ದೂರ ಹೋದಮೇಲೆ ಸುಮ್ಮನೆ ಬರುವುದೇಕೆಂದು ಮರುದಿನ ಅಲ್ಲಿನ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಹೋದೆ. ಅದನ್ನು ಕಟ್ಟಿದವರು ವಿಜಯನಾಥ ಶೆಣೈ. 1934ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡರು. ಅರಸರ ಮನೆತನದವರಲ್ಲ, ಉದ್ಯಮಿಯೂ ಅಲ್ಲ. ಬ್ಯಾಂಕ್ ನೌಕರ! ನಾವೆಲ್ಲ ಯಾವ ಬಗೆಯ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇವೋ ಅಂಥದ್ದೇ ಕೆಲಸ.

ಕರಾವಳಿಯಲ್ಲಿ ಹಳೆಯ ದೊಡ್ಡ ಮನೆಗಳು ಒಂದೊಂದಾಗಿ ಬೀಳುತ್ತಿದ್ದ ಕಾಲ ಅದು. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿಯ ಅಕ್ಕಿ ನಿಂತಿತು. ಉಳುವವನಿಗೆ ಭೂಮಿ ಸಿಕ್ಕಿತು. ಅದು ಆಗಬೇಕಾದದ್ದೇ. ಆದರೆ ಗೇಣಿಯ ಮೇಲೆ ನಿಂತಿದ್ದ ದೊಡ್ಡ ಮನೆಗಳನ್ನು ನೋಡಿಕೊಳ್ಳುವುದು ಕುಟುಂಬಗಳಿಗೆ ಕಷ್ಟವಾಯಿತು. ಕೂಡುಕುಟುಂಬ ಒಡೆಯಿತು, ಮಕ್ಕಳು ಮುಂಬೈಗೆ ಹೋದರು. ಕಂಬ, ಬಾಗಿಲು, ಕೆತ್ತನೆಯ ಮುಚ್ಚಿಗೆಗಳು ಮರದ ಬೆಲೆಗೆ ಹೋಗತೊಡಗಿದವು. ಶೆಣೈ ಅವನ್ನು ಹುಡುಕಿಕೊಂಡು ಊರೂರು ತಿರುಗಿದರು. ಮೊದಲು ಹಳೆಯ ಮನೆಗಳ ಬಿಡಿಭಾಗಗಳನ್ನೆಲ್ಲ ಜೋಡಿಸಿ ತಮಗಾಗಿ ಒಂದು ಮನೆ ಕಟ್ಟಿಕೊಂಡರು. ಅಷ್ಟಕ್ಕೆ ಮನಸ್ಸು ನಿಲ್ಲಲಿಲ್ಲ. ಬೀಳಲಿದ್ದ ಇಡೀ ಮನೆಗಳನ್ನೇ ಬಿಚ್ಚಿಸಿ, ಸಾಗಿಸಿ, ಮಣಿಪಾಲದ ಸುಮಾರು 6 ಎಕರೆ ಜಾಗದಲ್ಲಿ ಮತ್ತೆ ನಿಲ್ಲಿಸಿದರು. 1816ರ ಕುಂಜೂರು ಚೌಕಿಮನೆ, ಮಿಯಾರು ಮನೆ, ಹರ್ಕೂರು ಮನೆ, ಮುಧೋಳ ಅರಮನೆಯ ದರ್ಬಾರ್ ಹಾಲ್, ದಖ್ಖನಿ ನವಾಬ ಮಹಲ್. ಒಂದರಿಂದ ಇನ್ನೊಂದಕ್ಕೆ ನಡೆದರೆ ಊರುಗಳೇ ದಾಟಿದ ಹಾಗೆ.

ನಾನು ನಿಂತುಬಿಟ್ಟಿದ್ದು ಕಮಲ ಮಹಲಿನ ಮುಂದೆ. ಅದು ಕುಕನೂರಿನದು. ಕುಕನೂರು ಎಂದರೆ ನಮ್ಮ ಕೊಪ್ಪಳ ಕಡೆಯದು. ಬಯಲುಸೀಮೆಯ ಬಿಸಿಲಲ್ಲಿ ನಿಂತಿದ್ದ ಕೆತ್ತನೆಯ ಕಂಬಗಳು ಈಗ ಜಡಿಮಳೆಯ ಊರಲ್ಲಿ ನಿಂತಿವೆ. ಮಹಲು ಉಳಿಯಿತಲ್ಲ ಎಂದು ಖುಷಿಯಾಯಿತು. ನಮ್ಮ ಕಡೆ ಅದನ್ನು ಬೇಕು ಅನ್ನುವವರು ಯಾರೂ ಇರಲಿಲ್ಲವೇ ಎಂದು ಸಂಕಟವೂ ಆಯಿತು. ಊರಿಗೆ ಬಂದು ನಮ್ಮ ಓಣಿಯ ಹಳೆಯ ಮನೆಗಳ ಬಾಗಿಲುಗಳನ್ನು ಮೊದಲ ಸಲ ನಿಂತು ನೋಡಿದೆ. ಐದು ವರ್ಷದ ಹಿಂದೆ ಒಂಬತ್ತು ಇದ್ದವು ಎಂದು ಅಪ್ಪ ಹೇಳುತ್ತಾರೆ. ಈಗ ನಾಲ್ಕು.

ಚಂಡೀಗಡದ ನೇಕ್ ಚಂದ್ ಹೆಸರು ನಮ್ಮ ಜಿಕೆ ಪುಸ್ತಕದಲ್ಲೇ ಇದೆ, ‘ರಾಕ್ ಗಾರ್ಡನ್ ನಿರ್ಮಾತೃ’ ಎಂದು ಒಂದು ಸಾಲಿನಲ್ಲಿ. ಆ ಸಾಲಿನ ಹಿಂದಿನ ಕಥೆಯನ್ನು ಯಾವ ಕೋಚಿಂಗಿನಲ್ಲೂ ಹೇಳುವುದಿಲ್ಲ. ಅವರು ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್. 1957ರ ಹೊತ್ತಿಗೆ, ಕೆಲಸ ಮುಗಿದ ಮೇಲೆ, ಸರ್ಕಾರಿ ಕಾಡುಜಾಗದಲ್ಲಿ ಯಾರಿಗೂ ಹೇಳದೆ ಒಡೆದ ಬಳೆ, ಒಡೆದ ಪಿಂಗಾಣಿ, ಮುರಿದ ಟೈಲ್ಸುಗಳಿಂದ ಒಂದು ಲೋಕ ಕಟ್ಟಲು ಶುರು ಮಾಡಿದರು. ಹೆಚ್ಚುಕಡಿಮೆ 18 ವರ್ಷ ಅದು ಗುಟ್ಟಾಗಿತ್ತು. ಗೊತ್ತಾದಾಗ ಕೆಡವಬೇಕೆಂಬ ಮಾತೂ ಬಂತು. ಜನ ಬಿಡಲಿಲ್ಲ. 1976ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು, ಅವರಿಗೆ ಸಂಬಳ ಕೊಟ್ಟು ಕೆಲಸಗಾರರನ್ನೂ ಒದಗಿಸಿದರು. ನೌಕರಿ ಸಿಕ್ಕಿದ ಮೇಲೆ ಸಂಜೆ ಐದೂವರೆಯ ನಂತರ ಏನು ಮಾಡುತ್ತೀರಿ ಎಂದು ನಮ್ಮನ್ನು ಯಾವ ಇಂಟರ್‌ವ್ಯೂನಲ್ಲೂ ಕೇಳುವುದಿಲ್ಲ. ಕೇಳಬೇಕಿತ್ತು.

ಇನ್‌ಸ್ಟಾಗ್ರಾಂನಲ್ಲಿ ಮನೆ ತೋರಿಸುವವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅಲ್ಲಿ ಕಾಣುವ ‘ಏಸ್ಥೆಟಿಕ್’ ರೂಮುಗಳು ಬಹುಪಾಲು ಒಂದೇ ಅಚ್ಚಿನವು. ಬಿಳಿ ಬೆಡ್‌ಶೀಟ್, ಮಿಣಮಿಣ ಲೈಟಿನ ಸರ, ಒಂದು ಮನಿಪ್ಲಾಂಟ್, ಕಾಫಿ ಕಪ್ಪು, ಕೊನೆಗೆ ಎಲ್ಲಿ ಕೊಳ್ಳಬೇಕೆಂಬ ಲಿಂಕ್. ಲಿಂಕ್ ಒತ್ತಿದರೆ ಎರಡು ದಿನದಲ್ಲಿ ಮನೆಗೆ ಬರುವ ವಸ್ತುವಿನ ಬಗ್ಗೆ ಕನಸು ಕಾಣಲು ಏನಿದೆ? ಅದು ಬರೀ ಆರ್ಡರ್. ಓದುವ ಹುಡುಗರು ಕಂತಿನಲ್ಲಿ ಇಂಥದ್ದನ್ನೆಲ್ಲ ತರಿಸುವುದನ್ನು ಕಂಡರೆ ನನಗೂ ಅಪ್ಪನ ಧಾಟಿಯಲ್ಲೇ ಬೈಯಬೇಕೆನಿಸುತ್ತದೆ. ಕನಸು ಎಂದರೆ ಕೊಳ್ಳುವುದು ಎಂದು ನಂಬಿಸಿದ್ದೇ ಅಂಗಡಿಯವರ ದೊಡ್ಡ ಗೆಲುವು. ನನ್ನ ಆರುನೂರು ಚಿತ್ರಗಳಿಗೆ ಈವರೆಗೆ ಖರ್ಚಾಗಿರುವುದು ಡೇಟಾ ಪ್ಯಾಕ್ ಮಾತ್ರ.

ಇಷ್ಟೆಲ್ಲ ಚಿತ್ರಗಳ ನಡುವೆ ನನಗೆ ನಿಜಕ್ಕೂ ಬೇಕೆನಿಸುವ ಒಂದು ವಸ್ತು ಇದೆ, ನವಲಗುಂದದ ಜಮಖಾನೆ. ನವಲಗುಂದ ನಮ್ಮ ಧಾರವಾಡ ಜಿಲ್ಲೆಯದೇ. ಗೆಳತಿಯ ಜೊತೆ ಒಂದು ಭಾನುವಾರ ಬಸ್ ಹತ್ತಿ ಹೋಗಿದ್ದೆ. ಅಲ್ಲಿ ಮನೆಯೊಳಗೇ ನೆಟ್ಟಗೆ ನಿಂತ ಮಗ್ಗ. ಅದರ ಮುಂದೆ ಹೆಣ್ಣುಮಕ್ಕಳು ಕೂತು ನೂಲು ಹಾಯಿಸಿ, ಕಬ್ಬಿಣದ ಪಂಜದಿಂದ ಕುಟ್ಟಿ ಕುಟ್ಟಿ ಸಾಲು ಬಿಗಿಮಾಡುತ್ತಾರೆ. ನೇಯುವವರು ಹೆಣ್ಣುಮಕ್ಕಳೇ, ವಿದ್ಯೆ ತಲೆಮಾರಿನಿಂದ ತಲೆಮಾರಿಗೆ ಮನೆಯೊಳಗೇ ಬಂದದ್ದು. ನವಿಲು ಇರುತ್ತದೆ, ಪಗಡೆಯ ಹಾಸಿನ ನಕ್ಷೆ ಇರುತ್ತದೆ, ಬಣ್ಣಗಳು ಕಣ್ಣಿಗೆ ಹೊಡೆಯುವಷ್ಟು ಗಟ್ಟಿ. ಭೌಗೋಳಿಕ ಸೂಚಿಯ ಮಾನ್ಯತೆ ಇದೆ, ನಮ್ಮ ಪರೀಕ್ಷೆಗಳಲ್ಲಿ ‘ಹೊಂದಿಸಿ ಬರೆಯಿರಿ’ ಪ್ರಶ್ನೆಗೆ ಬರುತ್ತದೆ. ನವಲಗುಂದ–ಜಮಖಾನೆ, ಗುಳೇದಗುಡ್ಡ–ಖಣ, ಬೀದರ್–ಬಿದರಿ, ಚನ್ನಪಟ್ಟಣ–ಗೊಂಬೆ, ಕಿನ್ನಾಳ–ಗೊಂಬೆ. ನಮಗೆಲ್ಲ ಬಾಯಿಪಾಠ. ಆದರೆ ಆ ಜಮಖಾನೆ ತನ್ನ ಮನೆಯ ಪಡಸಾಲೆಯಲ್ಲಿ ಹಾಸಿರಬೇಕು ಎಂದು ಕನಸು ಕಂಡವರು ನಮ್ಮ ಬ್ಯಾಚಿನಲ್ಲಿ ಎಷ್ಟು ಜನ? ನೇಯುವ ಕೈಗಳು ಈಗ ಬೆರಳೆಣಿಕೆಯಷ್ಟು ಉಳಿದಿವೆ. ‘ಸುಮ್ನ ನೋಡಾಕ ಬರ್ತಾರವಾ, ಫೋಟೋ ಹೊಡ್ಕೊಂಡು ಹೋಗ್ತಾರ’ ಎಂದು ಅಲ್ಲಿನ ಒಬ್ಬ ಹಿರಿಯಾಕೆ ಹೇಳಿದರು. ನಾನು ಫೋಟೊ ತೆಗೆಯಲಿಲ್ಲ. ಅಳತೆ ಕೇಳಿದೆ, ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದೆ, ಬರೆದುಕೊಂಡೆ. ನಾಳೆ ಕೈಯಲ್ಲಿ ದುಡ್ಡಿರುವ ನಮ್ಮ ತಲೆಮಾರಿನ ಕಣ್ಣಿಗೆ ಬೂದು ಸೋಫಾ ಮಾತ್ರ ಕಂಡರೆ ಆ ಮಗ್ಗ ಯಾರಿಗಾಗಿ ನಡೆಯಬೇಕು?

ಉಡುಪಿನ ವಿಷಯಕ್ಕೆ ಬರುತ್ತೇನೆ. ಕೋಚಿಂಗಿನ ಮಾಕ್ ಇಂಟರ್‌ವ್ಯೂನಲ್ಲಿ ಮಾತಿಗಿಂತ ಮೊದಲು ಕಲಿಸುವುದು ತಿಳಿಬಣ್ಣದ ಸೀರೆ, ಸಣ್ಣ ಕಿವಿಯೋಲೆ, ಎಣ್ಣೆ ಹಾಕಿ ಬಾಚಿದ ತಲೆ. ಅರ್ಧ ಗಂಟೆಯ ಇಂಟರ್‌ವ್ಯೂಗೆ ಅದು ಸರಿ, ನಾನೂ ಹಾಗೆಯೇ ಹೋಗುತ್ತೇನೆ. ಉಳಿದ ದಿನಗಳಲ್ಲೂ ಅದೇ ಯೂನಿಫಾರಂ ಯಾಕೆ? ಸ್ವಲ್ಪ ಬೇರೆಯಾಗಿ ಉಟ್ಟವಳನ್ನು ಕಂಡರೆ ‘ಓವರ್ ಆಯ್ತು’ ಎನ್ನುವ ಒಂದು ಮಾತು ನಮ್ಮ ಬಾಯಲ್ಲಿ ಸದಾ ತಯಾರು ಇರುತ್ತದೆ.

ಉಷಾ ಉತ್ತುಪ್ 1960ರ ದಶಕದ ಕೊನೆಯಲ್ಲಿ ಅಂದಿನ ಮದ್ರಾಸಿನ ನೈಟ್‌ಕ್ಲಬ್ಬಿನಲ್ಲಿ ಹಾಡಲು ನಿಂತದ್ದು ಸೀರೆ ಉಟ್ಟುಕೊಂಡು. ಅವತ್ತಿನ ಅಂಥ ಜಾಗಕ್ಕೆ ಅದೇ ದೊಡ್ಡ ವಿಚಿತ್ರ. ಇವತ್ತಿಗೂ ಕಾಂಜೀವರಂ ಸೀರೆ, ಮುಡಿಗೆ ಹೂ, ಕೈತುಂಬ ಬಳೆ, ಹಣೆಯಲ್ಲಿ ಬಂಗಾಳಿಯ ‘ಕ’ ಅಕ್ಷರ ಬರೆದ ದೊಡ್ಡ ಬೊಟ್ಟು, ಕಾಲಿಗೆ ಕಾಂಜೀವರಂ ಅಂಚು ಹಚ್ಚಿ ಮಾಡಿಸಿದ ಶೂ! 2024ರಲ್ಲಿ ಪದ್ಮಭೂಷಣ ಬಂದದ್ದು ಇಂಥವರಿಗೇ. ನನ್ನ ಫೋಲ್ಡರಿನ ಆ ವಿದೇಶಿ ಅಜ್ಜಿಯ ಹೆಸರು ಐರಿಸ್ ಆಪ್ಫೆಲ್. ನ್ಯೂಯಾರ್ಕಿನವರು, ಮನೆಯ ಒಳಾಂಗಣದ ಬಟ್ಟೆಗಳ ವ್ಯಾಪಾರ ಮಾಡಿಕೊಂಡಿದ್ದವರು. ಅಗ್ಗದ ಪ್ಲಾಸ್ಟಿಕ್ ಬಳೆಯನ್ನೂ ದುಬಾರಿ ಕೋಟನ್ನೂ ಒಟ್ಟಿಗೆ ಹಾಕುವುದು ಅವರ ರೂಢಿಯಾಗಿತ್ತು. 2005ರಲ್ಲಿ ಅಲ್ಲಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಅವರ ಉಡುಪು-ಆಭರಣಗಳದ್ದೇ ಪ್ರದರ್ಶನ ಮಾಡಿತು. ಜಗತ್ತಿಗೆ ಅವರು ಪರಿಚಯವಾದಾಗ ವಯಸ್ಸು 84. ವಯೋಮಿತಿ ಮೀರಿತು ಎಂದು ದಿನವೂ ಲೆಕ್ಕ ಹಾಕುವ ನಮ್ಮ ರೂಮಿನಲ್ಲಿ ಈ ಸಂಗತಿ ಹೇಳಿದಾಗ ಎಲ್ಲರೂ ಒಂದು ಕ್ಷಣ ಓದು ನಿಲ್ಲಿಸಿ ತಲೆಯೆತ್ತಿದರು.

ನನಗೆ ಅಷ್ಟು ಧೈರ್ಯವಿಲ್ಲ, ಅಷ್ಟು ಬಳೆಯೂ ಇಲ್ಲ. ಆದರೆ ನನ್ನ ಅಜ್ಜಿಗೆ ಕಸೂತಿ ಬರುತ್ತಿತ್ತು. ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆ ಎಣಿಸಿ ಎಣಿಸಿ, ಗಂಟು ಹಾಕದೆ ಹೊಲಿಯುವ ನಮ್ಮ ಧಾರವಾಡ ಕಡೆಯ ಹೆಣಿಗೆ ಅದು. ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಗವಂತಿ, ಮುರಗಿಯಲ್ಲಿ ಹೊಲಿದರೆ ಬಟ್ಟೆಯ ಎರಡೂ ಮುಖ ಒಂದೇ ಥರ ಕಾಣುತ್ತದೆ. ಗೋಪುರ, ತೇರು, ಆನೆ, ತುಳಸಿಕಟ್ಟೆ. ಅಜ್ಜಿ ಹೋದಮೇಲೆ ಅವಳ ಒಂದು ಹಳೆಯ ಕುಪ್ಪಸ ನೋಡಿಕೊಂಡು ಎಳೆ ಎಣಿಸಿ ನನ್ನ ಕಪ್ಪು ಬ್ಯಾಗಿನ ಪಟ್ಟಿಯ ಮೇಲೆ ಸಣ್ಣ ಆನೆಗಳ ಸಾಲು ಹಾಕಿದ್ದೇನೆ. ಲೈಬ್ರರಿಯಲ್ಲಿ ನೂರಾರು ಕಪ್ಪು ಬ್ಯಾಗುಗಳ ನಡುವೆ ನನ್ನದು ದೂರದಿಂದಲೇ ಗೊತ್ತಾಗುತ್ತದೆ. ಒಂದು ಆನೆಗೆ ಎರಡು ಸಂಜೆ ಹಿಡಿಯಿತು. ಆ ಎರಡು ಸಂಜೆ ಓದಿದ್ದರೆ ಎಷ್ಟು ಅಂಕ ಬರುತ್ತಿತ್ತೋ ಲೆಕ್ಕ ಹಾಕಿಲ್ಲ.

ಹೆಣ್ಣುಮಕ್ಕಳಿಗೆ ಈ ಕನಸಿನ ತೂಕ ಇನ್ನೂ ಹೆಚ್ಚು ಎಂದು ನನಗೆ ಅನ್ನಿಸುತ್ತದೆ. ಗೋಡೆಗೆ ಯಾವ ಬಣ್ಣ ಎಂದು ನಾನು ಮನೆಯಲ್ಲಿ ಬಾಯಿಬಿಟ್ಟರೆ ಅವ್ವ ಹೇಳುವುದು, ‘ಗಂಡನ ಮನ್ಯಾಗ ಬೇಕಾದಂಗ ಮಾಡ್ಕೋವಂತಿ’ ಎಂದು. ಹುಟ್ಟಿದ ಮನೆ ಅಪ್ಪನದು, ಹೋಗುವ ಮನೆ ಅತ್ತೆಯದು. ನಡುವೆ ಇರುವ ಈ ರೂಮು ಮಾಲೀಕರದು. ಅತ್ತೆಯ ಮನೆಯಲ್ಲಿ ಅತ್ತೆಗೂ ಬೇಕಾದಂತೆ ಮಾಡಿಕೊಳ್ಳಲು ಎಷ್ಟು ವರ್ಷ ಹಿಡಿದಿತ್ತು ಎಂಬುದು ಅವ್ವನಿಗೇ ಗೊತ್ತು. ಆ ಎರಡು ಸಾಲು ಹಲಗೆ ಹೊಡೆಸಿಕೊಳ್ಳಲು ಅವಳು ಮದುವೆಯಾಗಿ ಹನ್ನೊಂದು ವರ್ಷ ಕಾದಿದ್ದಳಂತೆ. ವರ್ಜೀನಿಯಾ ವುಲ್ಫ್ 1929ರಲ್ಲೇ ಲೆಕ್ಕ ಕೊಟ್ಟಿದ್ದರು, ಬರೆಯಬೇಕೆನ್ನುವ ಹೆಣ್ಣಿಗೆ ವರ್ಷಕ್ಕೆ 500 ಪೌಂಡ್ ಆದಾಯ, ಬೀಗ ಹಾಕಬಹುದಾದ ಸ್ವಂತದ ಒಂದು ಕೋಣೆ ಬೇಕು ಎಂದು. ಬೀಗ ಇರುವ ಡ್ರಾಯರ್ ಕೇಳುತ್ತಿರುವ ನನ್ನ ರೂಮ್‌ಮೇಟ್ ವುಲ್ಫ್ ಓದಿಲ್ಲ, ಕನ್ನಡ ಮಾಧ್ಯಮದಲ್ಲಿ ಓದಿ ಪಿಎಸ್‌ಐ ಆಗಲು ಹೊರಟವಳು. ಇಬ್ಬರ ಬೇಡಿಕೆ ಒಂದೇ ಇದೆ ನೋಡಿ. ಗಂಡುಹುಡುಗರಿಗೆ ಮನೆಯ ಕನಸಿಲ್ಲ ಎಂದೇನಲ್ಲ. ಪಕ್ಕದ ಬಿಲ್ಡಿಂಗಿನ ಹುಡುಗನೊಬ್ಬ ಹಳೆಯ ರೇಡಿಯೊಗಳನ್ನು ಗುಜರಿಯಿಂದ ತಂದು ರಿಪೇರಿ ಮಾಡಿ ಸಾಲಾಗಿ ಇಟ್ಟಿದ್ದಾನಂತೆ. ಗೆಳೆಯರ ಮುಂದೆ ಮಾತ್ರ ಬೈಕಿನ ವಿಷಯವನ್ನೇ ಮಾತಾಡುತ್ತಾನಂತೆ.

ಮಾಲೀಕರ ವಿಷಯ ಬಂತಲ್ಲ. ಮೊಳೆ ಹೊಡೆಯುವಂತಿಲ್ಲ ಎಂದಿದ್ದಾರೆ, ದಾರ ಕಟ್ಟುವಂತಿಲ್ಲ ಎಂದಿಲ್ಲ. ಕಳೆದ ತಿಂಗಳು ಕಿಟಕಿಯ ಒಂದು ಸರಳಿನಿಂದ ಇನ್ನೊಂದಕ್ಕೆ ದಾರ ಬಿಗಿದು, ಗುಳೇದಗುಡ್ಡದ ಖಣದ ಮೂರು ತುಂಡುಗಳನ್ನು ಸೇರಿಸಿ ಹೊಲಿದು ಇಳಿಬಿಟ್ಟೆವು. ಒಂದು ಕೆಂಪು, ಒಂದು ಹಸಿರು, ಒಂದು ನೇರಳೆ. ಎಂಥ ಬಣ್ಣ ಜೋಡಿಸಬೇಕೆಂದು ಮೂವರೂ ಅರ್ಧ ಗಂಟೆ ಜಗಳವಾಡಿದೆವು. ಸಂಜೆ ನಾಲ್ಕರ ಬಿಸಿಲು ಅದರೊಳಗಿಂದ ಬಂದು ಜಿಕೆ ಪುಸ್ತಕದ ಮೇಲೆ ಬೀಳುತ್ತದೆ. ಬಾಡಿಗೆ ವಸೂಲಿಗೆ ಬಂದ ಮಾಲೀಕರ ಮನೆಯ ಅಕ್ಕ ಬಾಗಿಲಲ್ಲೇ ನಿಂತು ಬಹಳ ಹೊತ್ತು ನೋಡಿದರು. ಬೈಯುತ್ತಾರೆ ಎಂದುಕೊಂಡು ನಾವು ಸುಮ್ಮನಿದ್ದೆವು.

‘ಎಲ್ಲಿ ತಂದ್ರವಾ ಇದನ್ನ? ಊರಿಗೆ ಹೋದಾಗ ನನಗೂ ನಾಕು ಖಣ ತಗೊಂಬರ್ರಿ, ನಮ್ಮ ಪಡಸಾಲಿ ಕಿಡಕಿಗೆ’ ಎಂದರು. ನೇರಳೆ ಬಣ್ಣದ್ದೇ ಬೇಕಂತೆ.